ಯಾವ ಸಾಲಿನಲ್ಲಿ ನಿಲ್ಲಲಿ, ಫಾದರ್?



ಹೊಸಪೇಟೆಯಿಂದ ಹಂಪಿಗೆ ಓಡುವ ಸ್ಪರ್ಧೆಯೊಂದಕ್ಕೆ ಹೆಸರು ಕೊಡಲು ಹೊರಟಿದ್ದ ಸಂಡೂರಿನ ಗಣಿ ಕಾರ್ಮಿಕರೊಬ್ಬರು ನನ್ನಲ್ಲಿಗೆ ಬಂದರು. "ಫಾದರ್, ಶಾಲೆಯ ದಾಖಲೆಯಂತೆ ನನಗೆ 45 ತುಂಬಿದೆ. ನಿಮ್ಮ ಜ್ಞಾನಸ್ನಾನದ ಪುಸ್ತಕದಂತೆ ಇನ್ನೂ 44. ಯಾವ ಸಾಲಿನಲ್ಲಿ ನಿಲ್ಲಲಿ?" 45 ದಾಟಿದವರ ಗುಂಪಿನಲ್ಲಿ ಅವರಿಗೆ ಗೆಲುವು ಸುಲಭ. ಬಹುಮಾನದ ಹಣ ಮಗಳ ಕಾಲೇಜು ಫೀಸಿಗೆ ಬೇಕಿತ್ತು.

ಇದು ನಗುವ ಮಾತಲ್ಲ. ನಮ್ಮ ಕಡೆ ಹಿಂದೆ, ತಲೆಯ ಮೇಲಿಂದ ಕೈ ಬಳಸಿ ಕಿವಿ ಮುಟ್ಟಿದ ಮಗುವನ್ನು ಶಾಲೆಗೆ ಸೇರಿಸಿಕೊಂಡು, ಹುಟ್ಟಿದ ದಿನ ಜೂನ್ 1 ಎಂದು ಬರೆಯುತ್ತಿದ್ದರು. ಪಾಸ್‌ಪೋರ್ಟಿನಂತೆ ನೂರು ತುಂಬಿದ್ದ ಫೌಜಾ ಸಿಂಗ್ 2011ರಲ್ಲಿ ಟೊರೊಂಟೊ ಮ್ಯಾರಥಾನ್ ಓಡಿ ಮುಗಿಸಿದರು. ಜನನ ಪತ್ರವಿಲ್ಲದ್ದರಿಂದ ಗಿನ್ನೆಸ್‌ನವರು ಅದನ್ನು ದಾಖಲೆಯೆಂದು ಒಪ್ಪಲಿಲ್ಲ.

ವಯಸ್ಸಿನ ಗುಂಪುಗಳು ಏಕೆ ಬೇಕು? ಹಿರಿಯರ ಅಥ್ಲೆಟಿಕ್ಸಿನಲ್ಲಿ 35ರಿಂದ ಮುಂದೆ ಐದೈದು ವರ್ಷಕ್ಕೊಂದು ಗುಂಪು. ವಯಸ್ಸು ಏರಿದಂತೆ ಉಸಿರಿನ ಬಲ ಇಳಿಯುತ್ತದೆ. ಎಲ್ಲರಿಗೂ ಒಂದೇ ಅಳತೆ ಎನ್ನುವುದು ಸಮಾನತೆಯಂತೆ ಕಂಡರೂ ನ್ಯಾಯವಲ್ಲ. ಹಂಚಿಕೆಯ ನ್ಯಾಯ ಅವರವರ ಪ್ರಮಾಣಕ್ಕೆ ತಕ್ಕಂತಿರಬೇಕೆಂದು ಸಂತ ಥಾಮಸ್ ಅಕ್ವಿನಾಸರು ಬೋಧಿಸಿದರು.

ಆದರೂ ಈ ಗೆರೆಗಳು ಪರಿಪೂರ್ಣವಲ್ಲ. ರಾತ್ರಿ ಪಾಳಿ ಮುಗಿಸಿ ಬಂದ ಸಂಡೂರಿನವನೂ, ಗದ್ದೆ ಕೆಲಸದ ನಡುವೆ ಓಡಿ ಕಲಿತ ಕಂಪ್ಲಿಯವನೂ, ತರಬೇತುದಾರನನ್ನು ಇಟ್ಟುಕೊಂಡವನೂ ಒಂದೇ ವಯಸ್ಸಿನವರಾದರೆ ಒಂದೇ ಗುಂಪು. ಪಳಗಿದ ಓಟಗಾರ 'ಹೊಸಬರ' ವಿಭಾಗದಲ್ಲಿ ನಿಂತರೆ ಹಿಡಿಯುವವರು ಯಾರು? ನಿಯಮ ಬೇಲಿ ಹಾಕಬಲ್ಲದು; ಅದನ್ನು ಕಾಯುವುದು ಮನಸ್ಸಾಕ್ಷಿಯೇ.

ನಾನು ಹೇಳಿದೆ: "ಕಾಗದ ತಪ್ಪಾದದ್ದು ನಿಮ್ಮ ಪಾಪವಲ್ಲ. ಆದರೆ ನಿಜ ತಿಳಿದೂ ಆ ಕಾಗದದಿಂದ ಗೆದ್ದರೆ, ನಿಜವಾಗಿ 45 ದಾಟಿದ ಇನ್ನೊಬ್ಬ ಬಡವನ ಪಾಲನ್ನು ತೆಗೆದುಕೊಂಡಂತೆ." ಅವರು ನಿಜ ತಿಳಿಸಿ ಕಿರಿಯರ ಗುಂಪಿನಲ್ಲಿ ಓಡಿದರು. ಬಹುಮಾನ ಬರಲಿಲ್ಲ. ಬುದ್ಧಿ ಹೇಳುವುದು ನನಗೆ ಸುಲಭವಾಗಿತ್ತು. ಬೆಲೆ ತೆತ್ತವರು ಅವರು. ಆ ಫೀಸಿನ ಚಿಂತೆ ಈಗ ಧರ್ಮಕೇಂದ್ರದ ನಮ್ಮೆಲ್ಲರದೂ ಆಗಬೇಕಲ್ಲವೇ?

ಬಡ ವಿಧವೆಯ ಎರಡು ಕಾಸನ್ನು ಪ್ರಭು ಯೇಸು ಶ್ರೀಮಂತರ ಕಾಣಿಕೆಯೊಡನೆ ತೂಗಲಿಲ್ಲ. ಅವಳಲ್ಲಿ ಇದ್ದುದರೊಡನೆ ತೂಗಿದರು. ತಂದೆತಾಯಿಗಳೇ, ನಿಮ್ಮ ಮಗುವನ್ನು ಪಕ್ಕದ ಮನೆಯ ಮಗುವಿನ ಅಳತೆಯಿಂದ ಅಳೆಯುತ್ತಿದ್ದೀರಾ? ಇಂದಿನ ಕುಟುಂಬ ಪ್ರಾರ್ಥನೆಯಲ್ಲಿ ಇದನ್ನು ಕೇಳಿಕೊಳ್ಳಿ.