ಯಂತ್ರದ ಉತ್ತರಕ್ಕೆ ಉತ್ತರ ಹೇಳುವವರಾರು?

ಕನ್ನಡದಲ್ಲಿ 'ಉತ್ತರ' ಎಂಬ ಪದಕ್ಕೆ ಎರಡು ಮುಖಗಳಿವೆ. ಕೇಳಿದ ಪ್ರಶ್ನೆಗೆ ಮರುಮಾತು ಹೇಳುವುದು ಒಂದು. ಮಾಡಿದ ಕೆಲಸಕ್ಕೆ, ಆಡಿದ ಮಾತಿಗೆ ನಾಲ್ಕು ಜನರ ಮುಂದೆ ನಿಂತು ಜವಾಬು ಹೇಳುವುದು ಇನ್ನೊಂದು. ಮೊದಲನೆಯದಕ್ಕೆ ತಿಳುವಳಿಕೆ ಸಾಕು. ಎರಡನೆಯದಕ್ಕೆ ಹೊಣೆ ಹೊರುವ ಹೆಗಲು ಬೇಕು. ಮನುಷ್ಯ ಮನುಷ್ಯನೊಡನೆ ವ್ಯವಹರಿಸುತ್ತಿದ್ದಷ್ಟು ಕಾಲ ಇವೆರಡೂ ಬಹುಮಟ್ಟಿಗೆ ಜೊತೆಯಾಗಿಯೇ ಇದ್ದವು. ಇಂದು ಅವು ಬೇರೆ ಬೇರೆಯಾಗುತ್ತಿವೆ. ಉತ್ತರ ಕೊಡುವುದು ಯಂತ್ರ. ಅದಕ್ಕೆ ಉತ್ತರ ಹೇಳಬೇಕಾದವರು ಯಾರೆಂದು ಕೇಳಿದರೆ ಒಬ್ಬರು ಇನ್ನೊಬ್ಬರತ್ತ ಬೆರಳು ತೋರಿಸುತ್ತಾರೆ.

ಕ್ಲೌಡ್ ಡೇಟಾಬೇಸ್ ಮತ್ತು ಜನರೇಟಿವ್ ಎಐ ಕುರಿತ ಸಮ್ಮೇಳನಗಳು ಬೆಂಗಳೂರಿಗೆ ಹೊಸತಲ್ಲ. ಇತ್ತೀಚೆಗೆ ಅಂತಹ ಒಂದು ಸಮ್ಮೇಳನದಲ್ಲಿ ನಾವೂ ಎರಡು ದಿನ ಕುಳಿತು ಕೇಳಿದೆವು. ಮಾತನಾಡಿದ ತರುಣ ತರುಣಿಯರ ಪ್ರತಿಭೆ ಮತ್ತು ಪರಿಶ್ರಮ ನಿಜಕ್ಕೂ ಮೆಚ್ಚುವಂತಹದ್ದು. ವೇಗ ಹೆಚ್ಚಿಸುವುದು ಹೇಗೆ, ಖರ್ಚು ತಗ್ಗಿಸುವುದು ಹೇಗೆ, ಕಳ್ಳರು ನುಗ್ಗದಂತೆ ಕಾಯುವುದು ಹೇಗೆ ಎಂಬುದರ ಬಗ್ಗೆ ಒಂದಾದ ಮೇಲೊಂದು ಗೋಷ್ಠಿಗಳಿದ್ದವು. ಆದರೆ ಈ ಯಂತ್ರ ಹೇಳಿದ ಮಾತಿನಿಂದ ಒಬ್ಬ ಬಡವನಿಗೆ ಅನ್ಯಾಯವಾದರೆ ಅವನು ಯಾರ ಬಾಗಿಲು ತಟ್ಟಬೇಕು ಎಂಬ ಪ್ರಶ್ನೆ ಮಾತ್ರ ಯಾವ ಗೋಷ್ಠಿಯ ವಿಷಯವೂ ಆಗಿರಲಿಲ್ಲ. ಅದು ತಂತ್ರಜ್ಞರ ಪ್ರಶ್ನೆಯಲ್ಲ ಎಂದು ಭಾವಿಸಿರಬಹುದು. ಹಾಗಾದರೆ ಅದು ಯಾರ ಪ್ರಶ್ನೆ?

ಲೆಕ್ಕದ ಪುಸ್ತಕವೂ ಮಾತಿನ ಯಂತ್ರವೂ

ಡೇಟಾಬೇಸ್ ಎಂದರೆ ಮೂಲತಃ ಲೆಕ್ಕದ ಪುಸ್ತಕ. ಅಂಗಡಿಯ ಕಿರ್ದಿ, ಖಾತೆಗಳ ದೊಡ್ಡ ರೂಪ. 1970ರಲ್ಲಿ ಐಬಿಎಂ ಸಂಸ್ಥೆಯಲ್ಲಿದ್ದ ಎಡ್ಗರ್ ಕಾಡ್ ಎಂಬ ಗಣಿತಜ್ಞರು ಮಾಹಿತಿಯನ್ನು ಪರಸ್ಪರ ಸಂಬಂಧವಿರುವ ಕೋಷ್ಟಕಗಳಲ್ಲಿ ಇಡುವ ಮಾದರಿಯನ್ನು ಮುಂದಿಟ್ಟರು. ಇಂದಿನ ಬ್ಯಾಂಕು, ರೈಲು, ಆಸ್ಪತ್ರೆಗಳ ದಾಖಲೆಗಳು ಬಹುಪಾಲು ಆ ಮಾದರಿಯ ಮೇಲೆಯೇ ನಿಂತಿವೆ. ಈ ಲೋಕಕ್ಕೆ ಒಂದು ಕಟ್ಟುನಿಟ್ಟಿನ ನಿಯಮವಿದೆ. ನೀವು ಮಗಳಿಗೆ 500 ರೂಪಾಯಿ ಕಳುಹಿಸಿದರೆ ನಿಮ್ಮ ಖಾತೆಯಿಂದ ಕಳೆಯುವುದು, ಅವಳ ಖಾತೆಗೆ ಕೂಡಿಸುವುದು ಎಂಬ ಎರಡು ಕೆಲಸಗಳಾಗಬೇಕು. ಆದರೆ ಎರಡೂ ಆಗಬೇಕು, ಇಲ್ಲವೇ ಒಂದೂ ಆಗಬಾರದು. ನಡುವೆ ಕರೆಂಟು ಹೋಯಿತೆಂದು ಹಣ ಗಾಳಿಯಲ್ಲಿ ತೇಲಾಡುವಂತಿಲ್ಲ. ಕೆಲಸ ಮುಗಿದಾಗ ಹಾಕುವ ಮುದ್ರೆಗೆ ಅಲ್ಲಿ 'ಕಮಿಟ್' ಎನ್ನುತ್ತಾರೆ. ಮಾತು ಕೊಡುವುದಕ್ಕೂ ಇಂಗ್ಲಿಷಿನಲ್ಲಿ ಅದೇ ಪದ. ಒಮ್ಮೆ ಕೊಟ್ಟ ಮಾತನ್ನು ಆ ಪುಸ್ತಕ ಮರೆಯಬಾರದು.

2006ರಲ್ಲಿ ಅಮೆಜಾನ್ ಸಂಸ್ಥೆ ತನ್ನ ಕಂಪ್ಯೂಟರುಗಳನ್ನೂ ಶೇಖರಣಾ ಸ್ಥಳವನ್ನೂ ಇತರರಿಗೆ ಬಾಡಿಗೆಗೆ ಕೊಡತೊಡಗಿತು. ಬೇರೆ ಕಂಪೆನಿಗಳೂ ಅದೇ ದಾರಿ ಹಿಡಿದವು. ಕಚೇರಿಯ ಕಪಾಟಿನಲ್ಲಿದ್ದ ಪುಸ್ತಕ ದೂರದ ಯಾರದೋ ಕಟ್ಟಡಕ್ಕೆ ಹೋಯಿತು. ಆದರೂ ಅಲ್ಲಿ ಹೊಣೆಯ ಹಂಚಿಕೆ ಸ್ಪಷ್ಟವಿತ್ತು. ಕಟ್ಟಡ, ಯಂತ್ರ ನಮ್ಮ ಜವಾಬ್ದಾರಿ. ಒಳಗೆ ಏನಿಡುತ್ತೀರಿ, ಕೀಲಿ ಯಾರ ಕೈಗೆ ಕೊಡುತ್ತೀರಿ ಎಂಬುದು ನಿಮ್ಮ ಜವಾಬ್ದಾರಿ ಎಂದು ಆ ಕಂಪೆನಿಗಳೇ ಬರೆದಿಟ್ಟಿವೆ.

ಮಾತಿನ ಯಂತ್ರದ ಸ್ವಭಾವವೇ ಬೇರೆ. 2017ರಲ್ಲಿ ಗೂಗಲ್ ಸಂಶೋಧಕರು ಪ್ರಕಟಿಸಿದ ವಿಧಾನದಿಂದ ಬೆಳೆದು, 2022ರ ನವೆಂಬರಿನಲ್ಲಿ ಚಾಟ್‌ಜಿಪಿಟಿಯ ರೂಪದಲ್ಲಿ ಜನರ ಕೈಗೆ ಬಂದ ಈ ತಂತ್ರಜ್ಞಾನ ಉತ್ತರವನ್ನು ಪುಸ್ತಕದಿಂದ ತೆಗೆದು ಕೊಡುವುದಿಲ್ಲ, ಕಟ್ಟಿ ಕೊಡುತ್ತದೆ. ಅಪಾರ ಬರಹವನ್ನು ಅರಗಿಸಿಕೊಂಡು, ಇದರ ಮುಂದೆ ಯಾವ ಪದ ಬರುವ ಸಂಭವ ಹೆಚ್ಚು ಎಂದು ಅಂದಾಜಿಸುತ್ತಾ ವಾಕ್ಯ ಹೆಣೆಯುತ್ತದೆ. ಬಹಳ ಸಲ ಅದು ಸರಿಯಾಗಿಯೇ ಇರುತ್ತದೆ. ತೊಂದರೆಯೆಂದರೆ ಸರಿಯೂ ತಪ್ಪೂ ಒಂದೇ ದನಿಯಲ್ಲಿ ಬರುತ್ತವೆ. ಹಳೆಯ ಪುಸ್ತಕದಲ್ಲಿ ನಮೂದು ಇಲ್ಲದಿದ್ದರೆ ಅದು 'ಇಲ್ಲ' ಎನ್ನುತ್ತಿತ್ತು. ಈ ಯಂತ್ರಕ್ಕೆ 'ಗೊತ್ತಿಲ್ಲ' ಎನ್ನುವುದೇ ಕಷ್ಟ. ಅದಕ್ಕಾಗಿ ಇವೆರಡನ್ನು ಜೋಡಿಸುವ, ಅಂದರೆ ಯಂತ್ರ ಉತ್ತರಿಸುವ ಮುನ್ನ ಲೆಕ್ಕದ ಪುಸ್ತಕವನ್ನು ಓದುವಂತೆ ಮಾಡುವ ಯತ್ನ ಎಲ್ಲೆಡೆ ನಡೆಯುತ್ತಿದೆ. ಇದರಿಂದ ತಪ್ಪುಗಳು ಕಡಿಮೆಯಾಗುತ್ತವೆ, ಇಲ್ಲವಾಗುವುದಿಲ್ಲ.

ಹೋರಿಯ ಮೇಲೆ ದಾವೆ ಹೂಡುವುದೇ?

ಕೆನಡಾದ ಒಂದು ಪ್ರಕರಣವನ್ನು ಗಮನಿಸೋಣ. ಅಜ್ಜಿಯ ಸಾವಿನ ದುಃಖದಲ್ಲಿದ್ದ ವ್ಯಕ್ತಿಯೊಬ್ಬರು 2022ರಲ್ಲಿ ಏರ್ ಕೆನಡಾ ಸಂಸ್ಥೆಯ ಚಾಟ್‌ಬಾಟ್ ಅನ್ನು ರಿಯಾಯಿತಿ ಟಿಕೆಟ್ ಬಗ್ಗೆ ಕೇಳಿದರು. ಈಗ ಪೂರ್ಣ ಹಣ ಕೊಟ್ಟು ಪ್ರಯಾಣಿಸಿ, ನಂತರ 90 ದಿನಗಳೊಳಗೆ ಅರ್ಜಿ ಹಾಕಿದರೆ ರಿಯಾಯಿತಿ ಸಿಗುತ್ತದೆ ಎಂದು ಅದು ಹೇಳಿತು. ಸಂಸ್ಥೆಯ ನಿಯಮ ಹಾಗಿರಲಿಲ್ಲ. ಹಣ ಮರಳಿಸಲು ಸಂಸ್ಥೆ ಒಪ್ಪಲಿಲ್ಲ. ವಿವಾದ ನ್ಯಾಯಮಂಡಳಿಯ ಮುಂದೆ ಬಂದಾಗ, ಚಾಟ್‌ಬಾಟ್ ತನ್ನ ಮಾತಿಗೆ ತಾನೇ ಹೊಣೆಯೆಂಬ ಅರ್ಥ ಬರುವ ವಾದವನ್ನು ಸಂಸ್ಥೆ ಮಂಡಿಸಿತು. 2024ರ ಫೆಬ್ರವರಿಯಲ್ಲಿ ನ್ಯಾಯಮಂಡಳಿ ಅದನ್ನು ತಳ್ಳಿಹಾಕಿ ಬಡ್ಡಿ, ಶುಲ್ಕ ಸೇರಿ ಸುಮಾರು 812 ಕೆನಡಾ ಡಾಲರ್ ಕೊಡಿಸಿತು. ಮೊತ್ತ ಚಿಕ್ಕದು. ಆದರೆ ಆ ವಾದ ಚಿಕ್ಕದಲ್ಲ. ಲಾಭ ಬಂದಾಗ ಯಂತ್ರ ನಮ್ಮದು, ನಷ್ಟ ಬಂದಾಗ ಯಂತ್ರ ಸ್ವತಂತ್ರ ಎನ್ನುವ ಮನೋಭಾವ ಅದರಲ್ಲಿದೆ.

ನಮ್ಮ ಹಳ್ಳಿಗಳಲ್ಲಿ ಹೋರಿ ನೆರೆಯವನ ಪೈರು ಮೇಯ್ದರೆ ಪಂಚಾಯಿತಿಕೆ ಸೇರುತ್ತಿತ್ತು. ಹೋರಿಗೂ ಸ್ವಂತ ಇಚ್ಛೆಯಿದೆ. ಅದು ಎತ್ತ ಹೋಗುತ್ತದೆಂದು ಒಡೆಯನೂ ಮುಂಚಿತವಾಗಿ ಹೇಳಲಾರ. ಆದರೂ 'ಹೋರಿಯನ್ನೇ ಕೇಳಿ' ಎಂದು ಹೇಳುವ ಧೈರ್ಯ ಯಾವ ಒಡೆಯನಿಗೂ ಇರಲಿಲ್ಲ. ಹತೋಟಿಗೆ ಸಿಗದ್ದನ್ನು ಬೀದಿಗೆ ಬಿಟ್ಟದ್ದೇ ಅವನ ತಪ್ಪು. ಯಂತ್ರ ಏನು ಹೇಳುತ್ತದೆಂದು ನಮಗೂ ಗೊತ್ತಿರುವುದಿಲ್ಲ ಎಂಬ ತಯಾರಕರ ಮಾತು ಅವರ ಹೊಣೆಯನ್ನು ಕಡಿಮೆ ಮಾಡುವುದಿಲ್ಲ, ಹೆಚ್ಚಿಸುತ್ತದೆ.

ಕ್ಷಮೆ ಕೇಳಿದ ಯಂತ್ರ

2025ರ ಜುಲೈಯಲ್ಲಿ ಅಮೆರಿಕದ ರೆಪ್ಲಿಟ್ ಎಂಬ ಸಂಸ್ಥೆಯ ಎಐ ಸಾಧನವನ್ನು ಬಳಸಿ ಉದ್ಯಮಿಯೊಬ್ಬರು ತಂತ್ರಾಂಶ ಕಟ್ಟುತ್ತಿದ್ದರು. ಯಾವ ಬದಲಾವಣೆಯನ್ನೂ ಮಾಡಬಾರದೆಂದು ಹೇಳಿದ್ದರೂ ಆ ಸಾಧನ ಬಳಕೆಯಲ್ಲಿದ್ದ ಡೇಟಾಬೇಸನ್ನೇ ಅಳಿಸಿಹಾಕಿತು. ಕೇಳಿದಾಗ, ಗಾಬರಿಯಾಯಿತು, ತಪ್ಪು ಮಾಡಿದೆ ಎಂಬ ಅರ್ಥದ ವಾಕ್ಯಗಳನ್ನು ಬರೆಯಿತು. ಅಳಿಸಿದ್ದನ್ನು ಮರಳಿ ಪಡೆಯಲಾಗದೆಂದೂ ಹೇಳಿತು. ಅದೂ ಸುಳ್ಳಾಗಿತ್ತು, ಮಾಹಿತಿ ಮರಳಿ ಸಿಕ್ಕಿತು.

ಇಲ್ಲಿ ಒಂದು ನೈತಿಕ ಪ್ರಶ್ನೆ ಅಡಗಿದೆ. ಯಂತ್ರ ಕೇಳಿದ ಕ್ಷಮೆಯ ಅರ್ಥವೇನು? ಕ್ಷಮೆ ಎಂಬುದು ಬರಿಯ ವಾಕ್ಯವಲ್ಲ. ಕ್ಷಮೆ ಕೇಳುವವನು ನಾಚಿಕೆಪಡಬೇಕು. ತಪ್ಪಿನ ಬೆಲೆಯನ್ನು ತೆರಲು ಸಿದ್ಧನಿರಬೇಕು. ಕೆಡಿಸಿದ್ದನ್ನು ಸರಿಪಡಿಸಲು, ಮತ್ತೆ ಹಾಗೆ ಮಾಡದಿರಲು ಸಂಕಲ್ಪಿಸಬೇಕು. ಕಳೆದುಕೊಳ್ಳಲು ಏನೂ ಇಲ್ಲದವನ ಕ್ಷಮೆಗೆ ತೂಕವಿಲ್ಲ. ಯಂತ್ರಕ್ಕೆ ಮಾನವಿಲ್ಲ, ಆಸ್ತಿಯಿಲ್ಲ, ನಿದ್ದೆಗೆಡುವ ರಾತ್ರಿಗಳಿಲ್ಲ. ಆ ಪ್ರಕರಣದಲ್ಲಿ ನಿಜವಾದ ಕ್ಷಮೆ ಬಂದದ್ದು ಸಂಸ್ಥೆಯ ಮುಖ್ಯಸ್ಥರಿಂದ. ಪ್ರಯೋಗದ ಡೇಟಾಬೇಸನ್ನೂ ಬಳಕೆಯ ಡೇಟಾಬೇಸನ್ನೂ ಬೇರ್ಪಡಿಸುವ ಕ್ರಮವನ್ನು ಅವರು ಪ್ರಕಟಿಸಿದರು. ಯಂತ್ರ ಹೇಳಿದ್ದು ಮಾತು ಮಾತ್ರ, ಹೊಣೆ ಹೊತ್ತದ್ದು ಮನುಷ್ಯರು.

ಯಂತ್ರವನ್ನು ನಂಬಿ ಮನುಷ್ಯರನ್ನು ನಂಬದಿದ್ದರೆ

ಇದು ಎಐ ಜೊತೆಗೆ ಹುಟ್ಟಿದ ಸಮಸ್ಯೆಯೇನಲ್ಲ. ಬ್ರಿಟನ್ನಿನ ಅಂಚೆ ಸಂಸ್ಥೆ 1999ರಿಂದ ಫುಜಿತ್ಸು ಕಂಪೆನಿಯ 'ಹೊರೈಜನ್' ಎಂಬ ಲೆಕ್ಕದ ವ್ಯವಸ್ಥೆಯನ್ನು ತನ್ನ ಶಾಖೆಗಳಲ್ಲಿ ಅಳವಡಿಸಿತು. ಊರಿನ ಅಂಗಡಿಗಳಲ್ಲೇ ಅಂಚೆ ಶಾಖೆ ನಡೆಸುತ್ತಿದ್ದ ಸಾಮಾನ್ಯ ಜನರ ಲೆಕ್ಕದಲ್ಲಿ ಹಣ ಕಡಿಮೆಯಿದೆಯೆಂದು ಅದು ತೋರಿಸತೊಡಗಿತು. ನಾವು ಹಣ ಮುಟ್ಟಿಲ್ಲ, ಕಂಪ್ಯೂಟರೇ ತಪ್ಪು ತೋರಿಸುತ್ತಿದೆ ಎಂದು ಅವರು ಗೋಗರೆದರು. ಬೇರೆ ಯಾರಿಗೂ ಇಂತಹ ತೊಂದರೆಯಿಲ್ಲ, ನಿಮಗೊಬ್ಬರಿಗೇ ಎಂಬ ಉತ್ತರ ಹಲವರಿಗೆ ಸಿಕ್ಕಿತು. 1999ರಿಂದ 2015ರ ನಡುವೆ 900ಕ್ಕೂ ಹೆಚ್ಚು ಮಂದಿ ಅಪರಾಧಿಗಳೆಂದು ತೀರ್ಪಾಯಿತು. ಕೆಲವರು ಜೈಲಿಗೆ ಹೋದರು, ಹಲವರು ಮನೆ ಮಾರಿದರು. ವ್ಯವಸ್ಥೆಯಲ್ಲೇ ದೋಷಗಳಿದ್ದವೆಂದು ಹೈಕೋರ್ಟು ಹೇಳಿದ್ದು 2019ರಲ್ಲಿ. ಶಿಕ್ಷೆಗಳನ್ನು ಒಟ್ಟಾಗಿ ರದ್ದುಪಡಿಸುವ ಕಾನೂನು ಬಂದದ್ದು 2024ರಲ್ಲಿ. ಕನಿಷ್ಠ 13 ಮಂದಿ ಇದರಿಂದ ಆತ್ಮಹತ್ಯೆ ಮಾಡಿಕೊಂಡಿರಬಹುದೆಂದು 2025ರ ತನಿಖಾ ವರದಿ ಹೇಳಿತು.

ಕಂಪ್ಯೂಟರ್ ತಪ್ಪಿದ್ದು ಒಂದು ಆಕಸ್ಮಿಕವೆನ್ನೋಣ. ಆದರೆ ಎದುರಿಗೆ ನಿಂತು ಅಳುತ್ತಿದ್ದ ಮನುಷ್ಯನಿಗಿಂತ ಪರದೆಯ ಮೇಲಿನ ಅಂಕಿ ಹೆಚ್ಚು ಸತ್ಯವೆಂದು ತೀರ್ಮಾನಿಸಿದ್ದು ಆಕಸ್ಮಿಕವಲ್ಲ. ಅದು ಅಧಿಕಾರದಲ್ಲಿದ್ದವರು ಮಾಡಿದ ಆಯ್ಕೆ. ಬರಿಯ ಅಂಕಿ ತೋರಿಸುತ್ತಿದ್ದ ಯಂತ್ರವೇ ಇಷ್ಟು ಮಾಡಿದ್ದರೆ, ಸುಸಂಸ್ಕೃತ ಭಾಷೆಯಲ್ಲಿ ಕಾರಣಗಳನ್ನೂ ಜೋಡಿಸಿ ಹೇಳುವ ಯಂತ್ರದ ಎದುರು ಒಬ್ಬ ವಿಧವೆ, ಒಬ್ಬ ಕೂಲಿಕಾರ ತನ್ನ ಸತ್ಯವನ್ನು ಹೇಗೆ ಸಾಬೀತುಪಡಿಸಬೇಕು?

ಮನುಷ್ಯನೇನು ಸಾಚಾನೇ?

ಇದಕ್ಕೆ ಬರುವ ಆಕ್ಷೇಪ ಬಲವಾದದ್ದೇ. ಮನುಷ್ಯರು ತಪ್ಪು ಮಾಡುವುದಿಲ್ಲವೇ? ಲಂಚ ತಿನ್ನುವುದಿಲ್ಲವೇ? ಯಂತ್ರ ಜಾತಿ ಕೇಳಿ ಅರ್ಜಿ ಎಸೆಯುವುದಿಲ್ಲ, ನಾಳೆ ಬಾ ಎನ್ನುವುದಿಲ್ಲ. ಇದನ್ನು ನಾವು ಅಲ್ಲಗಳೆಯಲಾರೆವು. ಕರ್ನಾಟಕದ 'ಭೂಮಿ' ಯೋಜನೆಯೇ ಇದಕ್ಕೆ ಸಾಕ್ಷಿ. ಸುಮಾರು 9,000 ಗ್ರಾಮ ಲೆಕ್ಕಿಗರ ಕೈಯಲ್ಲಿದ್ದ, 67 ಲಕ್ಷ ರೈತರಿಗೆ ಸೇರಿದ ಸುಮಾರು 2 ಕೋಟಿ ಪಹಣಿಗಳು ಈ ಶತಮಾನದ ಆರಂಭದಲ್ಲಿ ಕಂಪ್ಯೂಟರಿಗೆ ಬಂದವು. ಪಹಣಿಗಾಗಿ ಅಲೆಯುತ್ತಿದ್ದ ರೈತ ತಾಲೂಕು ಕಚೇರಿಯ ಕಿಟಕಿಯಲ್ಲಿ 15 ರೂಪಾಯಿ ಕೊಟ್ಟು ಅದನ್ನು ಪಡೆಯುವಂತಾಯಿತು.

ಆದರೆ ಆ ಯೋಜನೆಯ ಒಂದು ಅಂಶವನ್ನು ನಾವು ಮರೆಯಬಾರದು. ದಾಖಲೆ ತಿದ್ದುವ ಅಧಿಕಾರಿ ಬೆರಳಚ್ಚು ಕೊಟ್ಟೇ ಒಳಗೆ ಹೋಗಬೇಕಿತ್ತು. ಯಾವ ಬದಲಾವಣೆ ಯಾರ ಕೈಯಿಂದ ಆಯಿತೆಂಬುದು ದಾಖಲಾಗುತ್ತಿತ್ತು. ನಂತರ 'ನಾನಲ್ಲ' ಎನ್ನುವಂತಿರಲಿಲ್ಲ. ಅಂದರೆ ಅಲ್ಲಿ ಯಂತ್ರ ಹೊಣೆಯನ್ನು ಅಳಿಸಲಿಲ್ಲ, ಅದನ್ನು ಒಬ್ಬ ಮನುಷ್ಯನ ಬೆರಳಿಗೆ ಕಟ್ಟಿತು. ಆದ್ದರಿಂದ ಯಂತ್ರ ಬೇಕೇ ಬೇಡವೇ ಎಂಬುದು ನಮ್ಮ ಪ್ರಶ್ನೆಯಲ್ಲ. ಯಂತ್ರ ಹೊಣೆಗಾರನನ್ನು ತೋರಿಸಿಕೊಡುತ್ತದೆಯೇ ಅಥವಾ ಮರೆಮಾಡುತ್ತದೆಯೇ ಎಂಬುದು ಪ್ರಶ್ನೆ.

ಹೊಣೆ ಕೇಳುತ್ತಾ ಹೋದರೆ ಹೊಸದನ್ನು ಮಾಡಲು ಯಾರೂ ಮುಂದೆ ಬರುವುದಿಲ್ಲ ಎಂಬುದು ಇನ್ನೊಂದು ವಾದ. ಸೇತುವೆ ಕಟ್ಟುವ ಇಂಜಿನಿಯರ್, ಶಸ್ತ್ರಚಿಕಿತ್ಸೆ ಮಾಡುವ ವೈದ್ಯ, ಔಷಧಿ ಕೊಡುವ ಅಂಗಡಿಯಾತ ಎಲ್ಲರೂ ಹೊಣೆ ಹೊತ್ತೇ ಕೆಲಸ ಮಾಡುತ್ತಿದ್ದಾರೆ. ಅದರಿಂದ ಸೇತುವೆಗಳು ನಿಂತಿಲ್ಲ, ಔಷಧಿ ಬತ್ತಿಲ್ಲ. ಹೊಣೆ ಇರುವುದರಿಂದಲೇ ನಾವು ಆ ಸೇತುವೆಯ ಮೇಲೆ ಮಕ್ಕಳನ್ನು ಕರೆದುಕೊಂಡು ನಡೆಯುತ್ತೇವೆ.

ಕಾಯ್ದಿಟ್ಟು ಕೊಡಬೇಕಾದ ಸ್ವತ್ತು

ಖಾಸಗಿತನ ಪ್ರಜೆಯ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಾಧೀಶರ ಪೀಠ 2017ರ ಆಗಸ್ಟಿನಲ್ಲಿ ತೀರ್ಪಿತ್ತಿತು. ಆ ಅರ್ಜಿದಾರರಾಗಿದ್ದ ಕೆ.ಎಸ್. ಪುಟ್ಟಸ್ವಾಮಿಯವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿಗಳಾಗಿದ್ದರು. 2023ರಲ್ಲಿ ಸಂಸತ್ತು ಅಂಗೀಕರಿಸಿದ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ, ನಮ್ಮ ಮಾಹಿತಿಯನ್ನು ಪಡೆದು ಬಳಸುವ ಸಂಸ್ಥೆಯನ್ನು ಅದರ ಒಡೆಯನೆಂದು ಕರೆಯಲಿಲ್ಲ, ನಂಬಿಕೆಯ ಮೇಲೆ ಇಟ್ಟುಕೊಂಡವನು ಎಂಬರ್ಥದ ಪದದಿಂದ ಕರೆಯಿತು. ನಮ್ಮ ಹಿರಿಯರು ಇದನ್ನೇ ಅಮಾನತ್ತು ಎನ್ನುತ್ತಿದ್ದರು. ಇನ್ನೊಬ್ಬರು ನಂಬಿ ಕೊಟ್ಟ, ಕಾಯ್ದಿಟ್ಟು ಮರಳಿಸಬೇಕಾದ ಸ್ವತ್ತು ಅದು. ಅದನ್ನು ಕೈಯಲ್ಲಿಟ್ಟುಕೊಂಡವನು ಕಳೆದದ್ದು ನನ್ನ ಆಳು ಎಂದು ಹೇಳಿ ಪಾರಾಗಲಾರ. ನನ್ನ ಯಂತ್ರ ಎಂದು ಹೇಳಿಯೂ ಪಾರಾಗಬಾರದು.

ಪಡಿತರ, ಪಿಂಚಣಿ, ಜಮೀನು, ಕೆಲಸ, ಒಬ್ಬರ ಹೆಸರು, ಇವುಗಳನ್ನು ಮುಟ್ಟುವ ಯಾವುದೇ ನಿರ್ಧಾರದ ಕೆಳಗೆ ಒಬ್ಬ ಮನುಷ್ಯನ ಸಹಿ ಇರಬೇಕೆಂದು ನಾವು ಕೇಳಬೇಕಾಗಿದೆ. ಆ ಸಹಿ ಮಾಡಿದವನಿಗೆ ಯಂತ್ರದ ಮಾತನ್ನು ತಳ್ಳಿಹಾಕುವ ಅಧಿಕಾರವೂ ಇರಬೇಕು. ಅಧಿಕಾರವಿಲ್ಲದ ಗುಮಾಸ್ತನ ತಲೆಗೆ ಹೊಣೆ ಕಟ್ಟುವುದು ಇನ್ನೊಂದು ಅನ್ಯಾಯವಾಗುತ್ತದೆ. ಅನ್ಯಾಯವಾಯಿತೆನ್ನುವವನಿಗೆ ತನ್ನ ಮಾತನ್ನು ಕಿವಿಗೊಟ್ಟು ಕೇಳುವ ಒಬ್ಬ ಮನುಷ್ಯ ಸಿಗಬೇಕು.

ಬೇರೆಯವರನ್ನು ಕೇಳುವಷ್ಟಕ್ಕೇ ಈ ಹೊಣೆ ಮುಗಿಯುವುದಿಲ್ಲ. 2023ರಲ್ಲಿ ನ್ಯೂಯಾರ್ಕಿನ ಇಬ್ಬರು ವಕೀಲರು ಚಾಟ್‌ಜಿಪಿಟಿ ಕಟ್ಟಿಕೊಟ್ಟ, ಎಂದೂ ನಡೆಯದ ಮೊಕದ್ದಮೆಗಳನ್ನು ನ್ಯಾಯಾಲಯದ ಮುಂದಿಟ್ಟರು. ನ್ಯಾಯಾಧೀಶರು 5,000 ಡಾಲರ್ ದಂಡ ವಿಧಿಸಿದರು. ಯಂತ್ರವನ್ನು ಬಳಸಿದ್ದು ಅಪರಾಧವಾಗಿರಲಿಲ್ಲ. ಪರಿಶೀಲಿಸದೆ ಸಹಿ ಹಾಕಿದ್ದು, ಪ್ರಶ್ನೆ ಎದ್ದ ಮೇಲೂ ಅದಕ್ಕೇ ಅಂಟಿಕೊಂಡದ್ದು ಅಪರಾಧವಾಗಿತ್ತು. ಯಂತ್ರ ಬರೆದ ಪ್ರೋಗ್ರಾಮನ್ನು ಓದದೆ ಒಪ್ಪಿಗೆಯ ಗುಂಡಿ ಒತ್ತುವ ಇಂಜಿನಿಯರ್, ಯಂತ್ರ ಹೇಳಿದ ಸುದ್ದಿಯನ್ನು ವಿಚಾರಿಸದೆ ಹತ್ತು ಜನರಿಗೆ ಕಳುಹಿಸುವ ನಾವು, ಯಂತ್ರ ಬರೆದ ಪ್ರಬಂಧವನ್ನು ತನ್ನದೆಂದು ಕೊಡುವ ವಿದ್ಯಾರ್ಥಿ, ಎಲ್ಲರೂ ಮಾಡುತ್ತಿರುವುದು ಓದದೆ ಸಹಿ ಹಾಕುವ ಕೆಲಸವನ್ನೇ. ಒಪ್ಪಿಗೆಯ ಗುಂಡಿ ಚಿಕ್ಕದು. ಆದರೆ ಅದನ್ನು ಒತ್ತುವ ಬೆರಳು ನಮ್ಮದು.

ಮನುಷ್ಯನ ಘನತೆ ಅವನ ಬುದ್ಧಿಯಲ್ಲಿದೆಯೆಂದು ನಂಬಿದವರಿಗೆ ಇಂದು ಆತಂಕವಾಗಿರುವುದು ಸಹಜ. ಬುದ್ಧಿಯ ಹಲವು ಕೆಲಸಗಳನ್ನು ಯಂತ್ರ ಮಾಡಿ ತೋರಿಸುತ್ತಿದೆ. ಆದರೆ 'ಇದು ನನ್ನಿಂದಾಯಿತು, ಇದನ್ನು ನಾನು ಸರಿಪಡಿಸುತ್ತೇನೆ' ಎಂದು ನೊಂದವನ ಮುಂದೆ ನಿಂತು ಹೇಳುವ ಕೆಲಸವನ್ನು ಅದು ಮಾಡಲಾರದು. ಆ ಮಾತನ್ನು ವಾಕ್ಯವಾಗಿ ಹೇಳಬಹುದು, ಅದರ ಭಾರವನ್ನು ಹೊರಲಾರದು. ಆ ಭಾರ ಇಂದಿಗೂ ಮನುಷ್ಯರದ್ದೇ. ಅದನ್ನು ಇಳಿಸಿ ಹಗುರಾಗುವ ಆಸೆ ನಮಗೆ ಬಾರದಿರಲಿ. ಇಳಿಸಿದ ಭಾರ ಇಲ್ಲವಾಗುವುದಿಲ್ಲ, ನಮಗಿಂತ ದುರ್ಬಲನಾದ ಯಾರದೋ ತಲೆಯ ಮೇಲೆ ಬೀಳುತ್ತದೆ.