ಕಾಗದದ ನಾಯಿಯೂ ಹಿಟ್ಟಿನ ಕೋಳಿಯೂ

ಚೌಕಾಕಾರದ ಒಂದು ಹಾಳೆಯನ್ನು ಮೂಲೆಯಿಂದ ಮೂಲೆಗೆ ಮಡಿಸಿದರೆ ತ್ರಿಕೋನವಾಗುತ್ತದೆ. ಅದರ ಉದ್ದನೆಯ ಅಂಚನ್ನು ಮೇಲಿರಿಸಿ ಎರಡು ತುದಿಗಳನ್ನು ಕೆಳಕ್ಕೆ ಇಳಿಸಿದರೆ ಜೋಲುಕಿವಿಗಳು. ಕೆಳಗಿನ ಚೂಪನ್ನು ಹಿಂದಕ್ಕೆ ಮಡಿಸಿ ಕಣ್ಣು ಮೂಗು ಬರೆದರೆ ನಾಯಿಯ ಮುಖ ಸಿದ್ಧ. ಕಿವಿಗಳನ್ನು ಮೇಲಕ್ಕೆ ಎತ್ತಿ ಮಡಿಸಿದರೆ ಬೆಕ್ಕು. ನಾಲ್ಕೈದು ವರ್ಷದ ಮಗುವಿನ ಬೆರಳಿಗೂ ಎಟಕುವ ಈ ವಿದ್ಯೆಗೆ ಜಪಾನೀಯರು ಒರಿಗಾಮಿ ಎನ್ನುತ್ತಾರೆ. ಒರಿ ಎಂದರೆ ಮಡಿಸುವುದು, ಕಾಮಿ ಎಂದರೆ ಕಾಗದ. ಜರ್ಮನಿಯಲ್ಲಿ ಫ್ರೋಬೆಲ್ 1837ರಲ್ಲಿ ಆರಂಭಿಸಿದ ಶಿಶುಶಿಕ್ಷಣ ಪದ್ಧತಿಯಲ್ಲಿಯೂ ಕಾಗದ ಮಡಿಸುವುದಕ್ಕೆ ಸ್ಥಾನವಿತ್ತು. ಅದರಿಂದ ಪ್ರೇರಿತರಾದ ಟಿ. ಸುಂದರರಾವ್ ಅವರು 1893ರಲ್ಲಿ ಮದರಾಸಿನಿಂದ, ಮಡಿಕೆಗಳ ಮೂಲಕವೇ ರೇಖಾಗಣಿತವನ್ನು ಕಲಿಸುವ ಇಂಗ್ಲಿಷ್ ಗ್ರಂಥವನ್ನು ಹೊರತಂದರು.

ಮಡಿಸಿದ ಮಗು ಸ್ವಲ್ಪ ಹೊತ್ತಿನಲ್ಲಿಯೇ ಅದನ್ನು ಹರಿಯುವುದೂ ಉಂಟು. ಆಗ ಅಜ್ಜಿಯೊಬ್ಬರು, “ಅಯ್ಯೋ ಪಾಪ, ನಾಯಿಮರಿಯನ್ನು ಕೊಂದುಬಿಟ್ಟೆಯಲ್ಲೋ ಮಗು” ಎನ್ನುತ್ತಾರೆ. “ಬಿಡಮ್ಮ, ಬರೀ ಕಾಗದ” ಎಂದು ಮಗುವಿನ ತಂದೆ ಸಮಾಧಾನ ಹೇಳುತ್ತಾನೆ. ಜೈನ ಮನೆಗಳಲ್ಲಿ ಸಹಜವಾಗಿ ಕೇಳಿಬರಬಹುದಾದ ಈ ಎರಡು ಮಾತುಗಳಲ್ಲಿ ಯಾವುದು ಶಾಸ್ತ್ರಸಮ್ಮತ?

ಅಜ್ಜಿಯ ಮಾತಿಗೆ ಆಧಾರವಿಲ್ಲವೆಂದಲ್ಲ. ಸೋಮದೇವಸೂರಿಯು 959ರಲ್ಲಿ ಮುಗಿಸಿದ ಯಶಸ್ತಿಲಕದಲ್ಲಿಯೂ, ಕನ್ನಡದಲ್ಲಿ ಜನ್ನನು 1209ರಲ್ಲಿ ರಚಿಸಿದ ಯಶೋಧರ ಚರಿತೆಯಲ್ಲಿಯೂ ಬರುವ ಕಥೆ ಎಲ್ಲರಿಗೂ ತಿಳಿದದ್ದೇ. ಪ್ರಾಣಿಬಲಿಗೆ ಒಪ್ಪದ ಅರಸನು ತಾಯಿಯ ಒತ್ತಾಯಕ್ಕೆ ಮಣಿದು ಹಿಟ್ಟಿನ ಕೋಳಿಯನ್ನು ಬಲಿಕೊಟ್ಟನು. ಹಿಟ್ಟಿನಲ್ಲಿ ಜೀವವಿರಲಿಲ್ಲ, ರಕ್ತವೂ ಹರಿಯಲಿಲ್ಲ. ಆದರೂ ತಾಯಿ ಮಗ ಇಬ್ಬರೂ ನವಿಲು, ನಾಯಿ ಮೊದಲಾದ ತಿರ್ಯಂಚ ಜನ್ಮಗಳಲ್ಲಿ ತೊಳಲಬೇಕಾಯಿತು. ಸಂಕಲ್ಪಹಿಂಸೆಗೆ ಇದಕ್ಕಿಂತ ತೀಕ್ಷ್ಣವಾದ ಉದಾಹರಣೆ ಸಿಗುವುದು ಕಷ್ಟ. ಹಿಟ್ಟಿನ ಕೋಳಿ ಕೊಯ್ದವನಿಗೆ ಇಂಥ ಬಂಧವಾದರೆ ಕಾಗದದ ನಾಯಿಯನ್ನು ಹರಿದ ಮಗುವಿನ ಗತಿಯೇನು ಎಂದು ಅಜ್ಜಿ ಕಳವಳಪಡುವುದು ಸಹಜ.

ತಂದೆಯ ಮಾತು ಮೇಲುನೋಟಕ್ಕೆ ವಿವೇಕದ್ದಾಗಿ ತೋರಿದರೂ ಅದರಲ್ಲಿ ದೊಡ್ಡ ತೊಡಕಿದೆ. ಇದು ಬರೀ ಕಾಗದವಾದರೆ ಬಸದಿಯ ಬಿಂಬವೂ ಬರೀ ಕಲ್ಲು ಎನ್ನುವವನಿಗೆ ಏನು ಉತ್ತರ? ನಮ್ಮ ಆಚಾರ್ಯರು ನಾಮ, ಸ್ಥಾಪನಾ, ದ್ರವ್ಯ, ಭಾವ ಎಂದು ನಿಕ್ಷೇಪಗಳನ್ನು ವಿಂಗಡಿಸಿರುವುದು ಇಂಥ ಎಡೆಯಲ್ಲಿಯೇ ಉಪಯೋಗಕ್ಕೆ ಬರುತ್ತದೆ. ಒಂದು ವಸ್ತುವಿನಲ್ಲಿ ಮತ್ತೊಂದನ್ನು ‘ಇದು ಅದೇ’ ಎಂದು ನೆಲೆಗೊಳಿಸುವುದು ಸ್ಥಾಪನೆ. ಹೋಲಿಕೆಯಿದ್ದರೆ ತದಾಕಾರ, ಇಲ್ಲದಿದ್ದರೆ ಅತದಾಕಾರ. ಚದುರಂಗದ ಮಣೆಯ ಮೇಲೆ ಮರದ ತುಂಡೊಂದನ್ನು ಆನೆಯೆಂದು ನಡೆಸುವುದು ಎರಡನೆಯದಕ್ಕೆ ಸಲ್ಲುತ್ತದೆ. ಎರಡು ಕಿವಿ, ಒಂದು ಮೂಗು ಮಾತ್ರವಿರುವ ಕಾಗದದ ನಾಯಿಯನ್ನು ಯಾವ ಕಡೆಗೆ ಸೇರಿಸಬೇಕೆಂದು ಪಂಡಿತರು ಬೇಕಾದರೆ ಚರ್ಚಿಸಲಿ. ಮುಖ್ಯವಾದ ಸಂಗತಿಯೆಂದರೆ, ಸ್ಥಾಪನೆಯು ಕಾಗದದಲ್ಲಿ ಹುಟ್ಟುವುದಿಲ್ಲ, ಸ್ಥಾಪಿಸುವವನ ಭಾವದಲ್ಲಿ ಹುಟ್ಟುತ್ತದೆ.

ಯಶೋಧರನು ಹಿಟ್ಟಿನಲ್ಲಿ ಕೋಳಿಯನ್ನು ಸ್ಥಾಪಿಸಿದ್ದು ಕೊಲ್ಲುವುದಕ್ಕಾಗಿಯೇ. ವಧೆಯ ಸಂಕಲ್ಪವು ಕೋಳಿಗಿಂತ ಮೊದಲೇ ಹುಟ್ಟಿತ್ತು. ಪ್ರಮಾದಯೋಗದಿಂದ ಪ್ರಾಣಘಾತ ಮಾಡುವುದೇ ಹಿಂಸೆಯೆಂದು ಉಮಾಸ್ವಾಮಿಗಳು ಹೇಳಿದರೆ, ರಾಗಾದಿ ಭಾವಗಳ ಉತ್ಪತ್ತಿಯೇ ಹಿಂಸೆಯೆಂಬವರೆಗೆ ಅಮೃತಚಂದ್ರಾಚಾರ್ಯರು ಹೋಗಿದ್ದಾರೆ. ಈ ಒರೆಗಲ್ಲಿಗೆ ಮಗುವನ್ನು ಹಚ್ಚಿ ನೋಡಬೇಕು. ಒಳಗೇನಿದೆ ಎಂಬ ಕುತೂಹಲದಿಂದಲೋ, ಕೈಯ ಚಪಲದಿಂದಲೋ ಹರಿದ ಮಗು ನಾಯಿಯನ್ನು ಕೊಲ್ಲಲಿಲ್ಲ. ಅದಕ್ಕೆ ಯಶೋಧರನ ಪಾಪವನ್ನು ಹೊರಿಸಿ ಬೆದರಿಸುವುದು ತಪ್ಪು. ಭಯವೂ ಒಂದು ನೋಕಷಾಯವೇ ಅಲ್ಲವೆ? ಆದರೆ ಅದೇ ಮಗು ಕಾಗದದ ಕಪ್ಪೆಯನ್ನು ಕಲ್ಲಿನಿಂದ ಜಜ್ಜುತ್ತ “ಸಾಯಿ, ಸಾಯಿ” ಎನ್ನುವಾಗ ಸುತ್ತಲಿನ ಹಿರಿಯರು ನಕ್ಕರೆ, ಅಲ್ಲಿ ಪ್ರಮಾದ ಹಿರಿಯರದು. ನಗುವೂ ಒಂದು ಅನುಮೋದನೆ, ಮತ್ತು ಕೃತ ಕಾರಿತ ಅನುಮೋದನೆಗಳ ಲೆಕ್ಕದಲ್ಲಿ ಅದಕ್ಕೆ ರಿಯಾಯಿತಿ ಇಲ್ಲ. ಸಂಕ್ರಾಂತಿಯ ಸಕ್ಕರೆ ಅಚ್ಚಿನಲ್ಲಿ ಹಕ್ಕಿಯಿದ್ದರೆ ಅದನ್ನು ಪಕ್ಕಕ್ಕಿಟ್ಟು ಹೂವನ್ನೋ ದೇಗುಲವನ್ನೋ ತಿನ್ನಲು ಕೊಡುವ ತಾಯಂದಿರನ್ನು ಕಂಡು ನಗುವವರಿದ್ದಾರೆ. ಆ ತಾಯಂದಿರು ಕೊಂಚ ಅತಿಯಾಗಿ ನಡೆದುಕೊಂಡರೂ ದಾರಿ ತಪ್ಪಿದವರಲ್ಲ.

ಭಾವವು ಕಾಗದಕ್ಕೆ ಏನನ್ನು ಕೊಡಬಲ್ಲದೆಂಬುದಕ್ಕೆ ಜಪಾನಿನಲ್ಲಿ ಬೇರೊಂದು ಸಾಕ್ಷ್ಯವಿದೆ. 1945ರ ಆಗಸ್ಟ್ 6ರಂದು ಹಿರೋಷಿಮಾದ ಮೇಲೆ ಅಣುಬಾಂಬು ಬಿದ್ದಾಗ ಸಡಾಕೊ ಸಸಾಕಿ ಎರಡು ವರ್ಷದ ಕೂಸು. ಹನ್ನೆರಡನೆಯ ವಯಸ್ಸಿಗೆ ರಕ್ತದ ಕ್ಯಾನ್ಸರಿಗೆ ತುತ್ತಾಗಿ ಆಸ್ಪತ್ರೆಯಲ್ಲಿ ಮಲಗಿದ ಆಕೆ ಗುಣವಾಗುವ ಆಸೆಯಿಂದ ಕಾಗದದ ಕೊಕ್ಕರೆಗಳನ್ನು ಮಡಿಸಿದಳು. ಔಷಧಿಯ ಸುತ್ತಿನ ಕಾಗದವನ್ನೂ ಬಿಡಲಿಲ್ಲ. 1955ರ ಅಕ್ಟೋಬರಿನಲ್ಲಿ ತೀರಿಕೊಂಡಳು. 1958ರಲ್ಲಿ ಅಲ್ಲಿ ಮಕ್ಕಳ ಶಾಂತಿಸ್ಮಾರಕವು ನಿಂತಿತು. ಇಂದಿಗೂ ದೇಶದೇಶಗಳ ಮಕ್ಕಳು ಕೊಕ್ಕರೆಗಳನ್ನು ಮಡಿಸಿ ಅಲ್ಲಿಗೆ ಕಳುಹಿಸುತ್ತಾರೆ. ಅವನ್ನು ಬರೀ ಕಾಗದವೆಂದು ಹೇಳುವ ಧೈರ್ಯ ಯಾರಿಗಿದೆ?

ಇಂದು ರೂಢಿಯಲ್ಲಿರುವ ಒರಿಗಾಮಿಯಲ್ಲಿ ಸಾಮಾನ್ಯವಾಗಿ ಕತ್ತರಿಯೂ ಇಲ್ಲ, ಅಂಟೂ ಇಲ್ಲ. ಹಾಳೆ ಅಖಂಡವಾಗಿಯೇ ಉಳಿದು ಆಕಾರವನ್ನು ತಾಳುತ್ತದೆ. ನಾಯಿಯನ್ನು ಬಿಚ್ಚಿ ಅದೇ ಹಾಳೆಯಿಂದ ಬೆಕ್ಕನ್ನು ಮಾಡಿಸುವ ಉಪಾಧ್ಯಾಯರು ದ್ರವ್ಯ ಪರ್ಯಾಯಗಳ ಹೆಸರೆತ್ತದೆಯೇ ಆ ಪಾಠವನ್ನು ಮುಗಿಸಬಹುದು: ನಾಯಿ ಹೋಯಿತು, ಬೆಕ್ಕು ಬಂತು, ಹಾಳೆ ಇದ್ದೇ ಇದೆ. ಹಳೆಯ ಗೆರೆ ಮಾತ್ರ ಅಳಿಸುವುದಿಲ್ಲ. ಹರಿಯುವ ಕೈಗೆ ಬಿಚ್ಚುವುದನ್ನು ಕಲಿಸಿದರೆ ಅಜ್ಜಿಯ ಕಳವಳವೂ ತಗ್ಗೀತು.

ಪಾಠಶಾಲೆಯಲ್ಲಿ ಇದನ್ನು ಆರಂಭಿಸುವ ಟ್ರಸ್ಟಿನವರು ಹೊಸ ಬಣ್ಣದ ಹಾಳೆಗಳಿಗೆ ಹಣ ಹಾಕಬೇಕಾದ ಅಗತ್ಯವಿಲ್ಲ. ಕಾಗದವು ಬರುವುದು ಮರದಿಂದ, ಮರವೂ ಏಕೇಂದ್ರಿಯ ಜೀವ. ಒಂದು ಬದಿ ಬರೆದ ಹಾಳೆ, ದಿನಪತ್ರಿಕೆ, ಕಳೆದ ತಿಂಗಳ ಕ್ಯಾಲೆಂಡರ್ ಸಾಕು. ಹಳೆಯ ಖಾತೆಪುಸ್ತಕದ ದಪ್ಪ ಹಾಳೆ ಎಳೆಯ ಬೆರಳಿಗೆ ಮಣಿಯುವುದಿಲ್ಲ. ಮದುವೆಯ ಕರೆಯೋಲೆಗಳ ಮೇಲೆ ತೀರ್ಥಂಕರರ ಚಿತ್ರವನ್ನು ಅಚ್ಚು ಹಾಕಿಸುವ ರೂಢಿ ನಮ್ಮಲ್ಲಿದೆಯಾದ್ದರಿಂದ, ಅವನ್ನು ಮಕ್ಕಳ ಕೈಗೆ ಕೊಡುವ ಮೊದಲು ಆ ಭಾಗವನ್ನು ಬೇರ್ಪಡಿಸಿ ತೆಗೆದಿರಿಸಬೇಕು.