ಕೂಲಿಯ ಕೂಗು

ಮೂಲವಾಕ್ಯ: ಯೆರೆಮೀಯನು 22:13



ಅರಸನಾದ ಯೆಹೋಯಾಕೀಮನು ವಿಶಾಲವಾದ ಅರಮನೆಯನ್ನು ಕಟ್ಟಿಸಿ, ದೇವದಾರು ಹಲಗೆಗಳನ್ನು ಹೊದಿಸಿ, ಕೆಂಪು ಬಣ್ಣ ಬಳಿಸಿದನು. ಕಟ್ಟಿದವರಿಗೋ ಕೂಲಿಯನ್ನು ಕೊಡಲಿಲ್ಲ. ಜನರು ಗೋಡೆಯ ಚೆಲುವನ್ನು ನೋಡಿದರು. ಕರ್ತನು ಕೊಡದೆ ಉಳಿದ ಕೂಲಿಯನ್ನು ನೋಡಿದನು.

ನಮ್ಮ ಹಳ್ಳಿಗಳಿಂದ ಅನೇಕರು ಗಾರೆ ಕೆಲಸಕ್ಕೂ ಬಣ್ಣದ ಕೆಲಸಕ್ಕೂ ಮೈಸೂರು ಪಟ್ಟಣಕ್ಕೆ ಹೋಗುವುದನ್ನು ನಾವು ಬಲ್ಲೆವು. ಅಲ್ಲಿ ಮನೆಯ ಯಜಮಾನನು ಕಂಟ್ರಾಕ್ಟರಿಗೂ, ಅವರು ಒಳಗುತ್ತಿಗೆಯ ಮೇಸ್ತ್ರಿಗೂ, ಮೇಸ್ತ್ರಿಯು ಆಳುಗಳಿಗೂ ಹಣ ಕೊಡತಕ್ಕದ್ದು. ಮೇಲಿನವನು ತಡೆದರೆ ಮೇಸ್ತ್ರಿಯು ಸಾಲ ಮಾಡಿ ಬಟವಾಡೆ ಮಾಡುವನು, ಇಲ್ಲವೆ ಆಳುಗಳಿಂದ ಮುಖ ಮರೆಸಿಕೊಳ್ಳುವನು. ಹೀಗೆ ಒಬ್ಬನ ಅನ್ಯಾಯವು ಕಡೆಯವನ ಗಂಜಿಯನ್ನು ಕಸಿದುಕೊಳ್ಳುತ್ತದೆ.

ನ್ಯಾಯವಾದ ಬಾಕಿಯನ್ನು ಕೇಳುವುದು ದುರಾಶೆಯಲ್ಲ. ಆದಕಾರಣ ಕೆಲಸ ಹಿಡಿಯುವ ಮುಂಚೆ ದರವನ್ನೂ ಹಣ ಕೊಡುವ ದಿನವನ್ನೂ ಬರೆಯಿಸಿ ರುಜು ಹಾಕಿಸಿಕೊಳ್ಳಿರಿ. ಅಳತೆಯಾದಾಗಲೆಲ್ಲಾ ಲೆಕ್ಕಕ್ಕೆ ರುಜು ಪಡೆಯಿರಿ. ಹಣ ಕೊಡುವ ದಿನವನ್ನು ಗೊತ್ತುಮಾಡದೆ ಮಾಡಿದ ಕೆಲಸದ ಬಾಕಿಗೆ, 1963ನೇ ವರುಷದ ಕಾಲಮಿತಿ ಕಾನೂನಿನ ಪ್ರಕಾರ, ಕೆಲಸ ಮುಗಿದಂದಿನಿಂದ 3 ವರುಷದೊಳಗೆ ದಾವೆ ಹೂಡಬೇಕು. ಆ ಅವಧಿಯೊಳಗೆ ಕೊಡತಕ್ಕವನು ಬಾಕಿಯನ್ನು ಒಪ್ಪಿ ಬರೆದು ರುಜು ಮಾಡಿದರೆ, ಆ ದಿನದಿಂದ ಅವಧಿಯು ಹೊಸದಾಗುತ್ತದೆ. ಬಾಯಿಮಾತನ್ನೇ ನಂಬಿ ಕಾಲ ಕಳೆಯಬೇಡಿರಿ.

ಮೇಸ್ತ್ರಿಗಳೇ, ಕೈಗೆ ಬಂದ ಹಣದಲ್ಲಿ ಮೊದಲು ಆಳಿನ ಕೂಲಿಯನ್ನು ಸಲ್ಲಿಸಿರಿ. ಹೊತ್ತು ಮುಳುಗುವುದರೊಳಗೆ ಕೊಡಬೇಕೆಂಬುದು ಮೋಶೆಯ ಧರ್ಮಶಾಸ್ತ್ರದ ವಿಧಿ. ನಮ್ಮ ಬಾಕಿಗಾಗಿ ಮೊರೆಯಿಡುವ ನಾವೇ ಬಡವನ ಬಾಕಿಯನ್ನು ಹಿಡಿದುಕೊಂಡರೆ, ನಮ್ಮ ಪ್ರಾರ್ಥನೆಯನ್ನು ಯಾರು ಕೇಳುವರು? ಕೂಲಿಯ ಕೂಗನ್ನು ಕೇಳುವ ಕರ್ತನು ನಮ್ಮ ಕೈಗಳನ್ನು ಶುದ್ಧಮಾಡಲಿ. ಆಮೆನ್.